ಆಯ್ತು ಎನ್ನದವಳು

ಹಿಡಿಯಕ್ಕನ ಬಾಯಲ್ಲಿ ‘ಆಯ್ತು’ ಎಂಬ ಮಾತನ್ನು ಕೇಳಿದವರು ಆ ಊರಿನಲ್ಲಿ ಕಲ್ಲುಕೆಲಸದವರು ಮಾತ್ರ. ಮನೆಯಲ್ಲಿ ಗಂಡ “ಪೇಟೆಗೆ ಹೋಗಿ ಬರ್ಲಾ?” ಎಂದರೆ “ಹೂಂ.” ಮಗಳು “ಒಲೆ ಆರಿಸ್ಲಾ?” ಎಂದರೂ “ಹೂಂ.” ಮದುವೆಗೆ ಒಪ್ಪಿಗೆ ಕೇಳಿದಾಗಲೂ ಬರೀ ಹೂಂ ಎಂದವಳು. “ನಿಮ್ಮಮ್ಮ ನನ್ನ ಒಪ್ಕೊಂಡ್ಲೋ ಇಲ್ವೋ ಅನ್ನೋದು ಇವತ್ತಿಗೂ ನಂಗೆ ಗೊತ್ತಾಗಿಲ್ಲ” ಎಂದು ಗಂಡ ಮಗಳೆದುರು ಅವಳ ಕಾಲೆಳೆಯುತ್ತಿದ್ದ.

ಇದು ಸೊಕ್ಕಲ್ಲ, ಕಸುಬು. ಆ ಊರಿನಲ್ಲಿ ಭಾರದ ಕೆಲಸವೆಲ್ಲ ಮಂತ್ರದಿಂದ ನಡೆಯುವುದು. ಮಾಂತ್ರಿಕ ಬಂದು ಎರಡು ಮಾತು ಗೊಣಗಿದರೆ ಆನೆಗಾತ್ರದ ಕಲ್ಲು ನೆಲ ಬಿಟ್ಟು ಏಳುತ್ತದೆ. ಆದರೆ ಅವನು ಅಲ್ಲೇ ನಿಂತುಕೊಂಡಿರಲಾರ. ಒಂದು ಬೀದಿಯಲ್ಲಿ ಬತ್ತಿದ ಬಾವಿ ಕರೆಯುತ್ತದೆ, ಇನ್ನೊಂದರಲ್ಲಿ ಇಳಿಯದ ಜ್ವರ ಕರೆಯುತ್ತದೆ. ಹಾಗಾಗಿ ಮಂತ್ರದ ತುದಿಯನ್ನು ಒಬ್ಬರ ಅಂಗೈಗೆ ಕಟ್ಟಿ ಹೊರಟುಬಿಡುತ್ತಾನೆ. ಅಂಗೈ ಎತ್ತಿ ನಿಲ್ಲುವ ಆ ಒಬ್ಬರೇ ಹಿಡಿಯುವವರು. ಅವರು ‘ಆಯ್ತು’ ಎನ್ನುವವರೆಗೆ ಕಲ್ಲು ಗಾಳಿಯಲ್ಲಿ ನಿಂತಿರುತ್ತದೆ, ಎಂದೊಡನೆ ಕೆಳಗಿಳಿಯುತ್ತದೆ. ಕೆಳಗೆ ಕಂಬವಿದ್ದರೆ ಕಂಬದ ಮೇಲೆ, ಮನುಷ್ಯರಿದ್ದರೆ ಮನುಷ್ಯರ ಮೇಲೆ.

ಬೇರೆ ಮಾತೇ ಸಿಗಲಿಲ್ಲವೇ ಎಂದು ಯಾರಿಗಾದರೂ ಅನಿಸುತ್ತದೆ. ಆ ಮಂತ್ರ ಕಟ್ಟಿದ ಪುಣ್ಯಾತ್ಮ ಯಾರೋ, ಕೆಲಸ ಮುಗಿದಾಗ ಬಾಯಿಗೆ ತಾನಾಗಿ ಬರುವ ಮಾತನ್ನೇ ಇಟ್ಟುಬಿಟ್ಟ. ಕೆಲಸ ಮುಗಿಯದಿದ್ದಾಗಲೂ ಅದು ತಾನಾಗಿ ಬರುತ್ತದೆ ಎಂಬುದು ಅವನ ತಲೆಗೆ ಹೊಳೆಯಲಿಲ್ಲ. ಅವನ ಮನೆಯವರು ಯಾರೂ ಕಲ್ಲಿನ ಕೆಳಗೆ ಕೂತು ಕೆಲಸ ಮಾಡಿದವರಿರಲಿಕ್ಕಿಲ್ಲ.

ಆದ್ದರಿಂದ ಅಂಗೈ ಎತ್ತಿ ನಿಂತವರನ್ನು ಆ ಊರಿನಲ್ಲಿ ಯಾರೂ ಮಾತಾಡಿಸುವುದಿಲ್ಲ. ಮಕ್ಕಳು ಕೂಡ ಬಾಯಿ ಮುಚ್ಚಿಕೊಂಡು ಆಚೆ ಬದಿಯಿಂದ ದಾಟುತ್ತವೆ. ಇನ್ನೊಂದು ಕಟ್ಟಳೆಯೂ ಇದೆ. ನಾಲಿಗೆಯ ಮೇಲೆ ನಂಬಿಕೆ ಹೋದರೆ ಹಿಡಿಯುವವಳು ಬಾಯಿಗೆ ಬಟ್ಟೆ ಕಚ್ಚಿಕೊಳ್ಳಬಹುದು. ಆದರೆ ಒಮ್ಮೆ ಕಚ್ಚಿದವಳ ಅಂಗೈಗೆ ಮತ್ತೆಂದೂ ಮಂತ್ರ ಕಟ್ಟುವುದಿಲ್ಲ. ಒಂದು ಸೀನು ಬಂದರೆ ಬಟ್ಟೆ ಹಾರಿಹೋಗುತ್ತದೆ. ಅಂಥವಳ ಕಲ್ಲಿನ ಕೆಳಗೆ ಯಾರು ಕೂರುತ್ತಾರೆ?

ಹಿಡಿಯಕ್ಕ ಹರೆಯದಲ್ಲಿ ಎತ್ತಿದ ಕೈ, ಈಗ ಅವಳ ಕೂದಲು ನರೆತಿತ್ತು. ಸೇತುವೆ, ಗೋಪುರ, ಕೋಟೆಬಾಗಿಲು ಎಲ್ಲ ಅವಳ ಅಂಗೈಯಿಂದಲೇ ಇಳಿದು ಕೂತವು. ಅವಳ ಬಾಯಿ ಒಮ್ಮೆಯೂ ತಪ್ಪಿರಲಿಲ್ಲ, ಇತ್ತೀಚಿನವರೆಗೆ.

ಮೊದಲು ಆದದ್ದು ಬಾವಿಕಟ್ಟೆಯಲ್ಲಿ. ನೂಲು ಮಾರುವವಳು “ಕೆಮ್ಮು ವಾಸಿ ಆಯ್ತಾ ಅಕ್ಕಾ?” ಎಂದಳು. ಇವಳು “ಆಯ್ತು ಕಣೇ” ಎಂದು ಕೊಡ ಎತ್ತಿಕೊಂಡು ಹೊರಟಳು. ಬೀದಿಯ ತಿರುವಿನಲ್ಲಿ ತಾನು ಅಂದದ್ದೇನು ಎಂಬುದು ಹೊಳೆದು ಕೊಡ ಇಳಿಸಿ ನಿಂತುಬಿಟ್ಟಳು. ಕೆಲವು ದಿನ ಬಿಟ್ಟು ಅಂಗಡಿಯಲ್ಲಿ ಮತ್ತೊಮ್ಮೆ. ಎರಡು ಸಲವೂ ಕೈಯಲ್ಲಿ ಮಂತ್ರವಿರಲಿಲ್ಲ, ಕೇಳಿದವರಿಗೆ ಅದು ವಿಶೇಷವೆನಿಸಲೂ ಇಲ್ಲ. ಅವಳು ಯಾರಿಗೂ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ. ನಾಚಿಕೆ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ, ಈ ಕೆಲಸ ಬಿಟ್ಟರೆ ತಾನು ಯಾರು ಎಂಬುದು ಅವಳಿಗೇ ಗೊತ್ತಿರಲಿಲ್ಲ. ಹೀಗೆ ಮುಚ್ಚಿಟ್ಟದ್ದು ತಪ್ಪು, ಮತ್ತು ತಪ್ಪು ಎಂದು ಅವಳಿಗೆ ಗೊತ್ತಿತ್ತು.

ಹೀಗಿರುವಾಗ ಪೇಟೆಯ ಕಮಾನು ಬಿತ್ತು. ಯಾರೋ ವೀರರ ತಂಡ ರೆಕ್ಕೆಯ ಹಾವೊಂದನ್ನು ಬೀದಿಬೀದಿ ಅಟ್ಟಾಡಿಸಿ, ಕೊನೆಗೆ ಕಮಾನಿನ ಹತ್ತಿರ ಕೊಂದು ಹಾಕಿತು. ಹಾವು ಬಾಲ ಬಡಿದ ರಭಸಕ್ಕೆ ಎರಡೂ ಕಂಬ ಮುರಿದವು, ಮೇಲಿನ ಅಡ್ಡಗಲ್ಲು ಬೀದಿಗೆ ಬಂತು. ವೀರರಿಗೆ ಹಾರ ಬಿತ್ತು. ಕಲ್ಲು ಎತ್ತಿಡುವ ಕೆಲಸ ಎಂದಿನಂತೆ ಊರಿನವರ ಪಾಲಿಗೆ ಬಿತ್ತು.

ಬೆಳಿಗ್ಗೆ ಮಾಂತ್ರಿಕ ಅಡ್ಡಗಲ್ಲನ್ನು ಏಳಿಸಿ, ತುದಿಯನ್ನು ಹಿಡಿಯಕ್ಕನ ಅಂಗೈಗೆ ಕಟ್ಟಿ, “ಸಂಜೆ ಬರ್ತೀನಕ್ಕಾ” ಎಂದು ಜ್ವರದ ಮನೆಯತ್ತ ಓಡಿದ. ಅಂಗೈಯಲ್ಲಿ ಎಂದಿನ ಜೋಮು ಹತ್ತಿತು. ಕಲ್ಲಿನ ಕೆಳಗೆ ಮೇಸ್ತ್ರಿಯ ಆಳುಗಳು ಹೊಸ ಕಂಬಗಳನ್ನು ನಿಲ್ಲಿಸತೊಡಗಿದರು. ಅವರಲ್ಲಿ ಹಿಡಿಯಕ್ಕನ ಮಗಳೂ ಇದ್ದಳು. ಕೈಯಿಂದ ಉಳಿ ಬಿಡದವಳಾದ್ದರಿಂದ ಎಲ್ಲರೂ ಅವಳನ್ನು ‘ಉಳಿ’ ಎಂದೇ ಕರೆಯುತ್ತಿದ್ದರು. ಕಂಬದ ಬುಡಕ್ಕೆ ಬೆಣೆ ಹೊಡೆಯುವುದರಲ್ಲಿ ಅವಳದ್ದು ಎತ್ತಿದ ಕೈ. ತಾಯಿ ಕಟ್ಟಿಕೊಂಡು ಬಂದಿದ್ದ ಬುತ್ತಿಯನ್ನು ಅವಳೇ ಎದುರಿನ ಅಂಗಡಿಯ ಮೆಟ್ಟಿಲ ನೆರಳಿನಲ್ಲಿಟ್ಟು ಕಲ್ಲಿನ ಕೆಳಗೆ ನುಸುಳಿದಳು.

ಒಂದು ಕಂಬ ಸರಿಯಾಗಿ ಕೂತಿತು. ಎರಡನೆಯದಕ್ಕೆ ಕೈ ಹಾಕಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಆಗ ಹಾರದ ಹೂವು ಇನ್ನೂ ಭುಜದ ಮೇಲೆ ಅಂಟಿಕೊಂಡಿದ್ದ ಕತ್ತಿಯವನೊಬ್ಬ, ಕಾಲಿನ ಗಾಯಕ್ಕೆ ಪಟ್ಟಿ ಕಟ್ಟಿಕೊಂಡು, ಕುಂಟುತ್ತ ಅತ್ತ ಬಂದ. ವೀರರ ತಂಡದವನು, ಹೊರಗಿನವನು, ಪಾಪ, ಒಳ್ಳೆಯ ಹುಡುಗನೇ. ಈ ಊರಿನಲ್ಲಿ ಹಿರಿಯರನ್ನು ಕಂಡರೆ ಏನು ಕೇಳಬೇಕೆಂದು ಹೊಸದಾಗಿ ಕಲಿತಿದ್ದ. ಹಿಡಿಯಕ್ಕನ ಹಿಂದಿನಿಂದ ಬಂದು, ಕೈಮುಗಿದು, ಬಾಯ್ತುಂಬ ಕೇಳಿದ.

“ಊಟ ಆಯ್ತಾ, ಅಮ್ಮ?”

“ಆ—”

ಅಡ್ಡಗಲ್ಲು ನಡುಗಿತು. ಅದರ ಅಂಚಿನಿಂದ ಪುಡಿ ಉದುರಿ ಮಗಳ ತಲೆಯ ಮೇಲೆ ಬಿತ್ತು. ಹಿಡಿಯಕ್ಕನಿಗೆ ಜೀವ ಬಾಯಿಗೆ ಬಂತು, ಆ ಬಾಯಲ್ಲಾಗಲೇ ಅರ್ಧ ಮಾತಿತ್ತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ನಾಲಿಗೆ ಮುಂದಿನ ಅಕ್ಷರಕ್ಕೆ ಮಡಚಿಕೊಂಡೇಬಿಟ್ಟಿತ್ತು. ಅವಳು ಎರಡು ತುಟಿಯನ್ನೂ ಬಲವಾಗಿ ಒತ್ತಿ ಅದನ್ನು ತಿರುಗಿಸಿದಳು.

“—ಮೇಲೆ. ಆಮೇಲೆ ಉಣ್ತೀನಪ್ಪಾ.”

ಕಲ್ಲಿನ ನಡುಕ ನಿಂತಿತು. ಕತ್ತಿಯವನು “ಹೊಟ್ಟೆ ಹಸ್ಕೊಂಡಿರ್ಬೇಡಿ” ಎಂದು ಅಕ್ಕರೆಯಿಂದ ಹೇಳಿ ಹೋಗಿ ಮೆಟ್ಟಿಲ ಮೇಲೆ ಕೂತ. ತಲೆ ಕೊಡವಿಕೊಂಡ ಮಗಳು ಒಮ್ಮೆ ತಾಯಿಯ ಕಡೆ ನೋಡಿದಳು, ಕೇಳಲಿಲ್ಲ. ಅಂಗೈ ಎತ್ತಿದವರನ್ನು ಕೇಳಬಾರದು. ಗಾಳಿಯಿರಬೇಕು ಎಂದುಕೊಂಡ ಮೇಸ್ತ್ರಿ ಆಳುಗಳನ್ನು ನೀರು ಕುಡಿಯಲು ಹೊರಗೆ ಕರೆದ. ಉಳಿದದ್ದು ಎರಡನೆಯ ಕಂಬದ ಕೊನೆಯ ಬೆಣೆ ಮಾತ್ರ.

ಯಾರಿಗೂ ಏನೂ ಗೊತ್ತಾಗಿರಲಿಲ್ಲ. ಹಿಡಿಯಕ್ಕ ಸುಮ್ಮನಿದ್ದುಬಿಡಬಹುದಿತ್ತು. ಇನ್ನು ಒಂದೇ ಬೆಣೆ. ಯಾರೂ ಮಾತಾಡಿಸುವುದಿಲ್ಲ, ಮಾತಾಡಿಸಿದರೂ ಈಗ ಎಚ್ಚರವಾಗಿದ್ದೇನೆ ಎಂದು ಮನಸ್ಸು ಪುಸಲಾಯಿಸಿತು. ಬಾವಿಕಟ್ಟೆಯಿಂದ ಬಂದ ಮೇಲೂ ಅದು ಹೀಗೆಯೇ ಪುಸಲಾಯಿಸಿತ್ತು. ಮಗಳು ನೀರು ಕುಡಿದು, ಬಾಯಿ ಒರೆಸಿಕೊಂಡು, ಸುತ್ತಿಗೆ ಎತ್ತಿಕೊಂಡಳು. ಅವಳ ಕೂದಲಿನಲ್ಲಿ ಕಲ್ಲಿನ ಪುಡಿ ಇನ್ನೂ ಇತ್ತು.

ಹಿಡಿಯಕ್ಕ ಎಡಗೈಯಿಂದ ತಲೆಯ ವಸ್ತ್ರ ಎಳೆದು, ಮುದ್ದೆ ಮಾಡಿ, ಎಲ್ಲರ ಕಣ್ಣೆದುರಿಗೇ ಬಾಯಿಗೆ ತುರುಕಿ ಕಚ್ಚಿದಳು.

ಮೇಸ್ತ್ರಿಯ ಕೈಯಲ್ಲಿದ್ದ ನೀರಿನ ಲೋಟ ಅಲ್ಲೇ ನಿಂತಿತು. “ಹಿಡಿಯಕ್ಕ” ಎಂದ. ಆಳುಗಳು ಒಬ್ಬರ ಹಿಂದೊಬ್ಬರು ಕಮಾನಿನಿಂದ ದೂರ ಸರಿದರು. ಅವಳ ಕೈಕೆಳಗೆ ಹಾಡು ಹೇಳಿಕೊಂಡು ಕೆಲಸ ಮಾಡಿದವರು ಈಗ ಅವಳ ಮುಖ ನೋಡಲಾರದೆ ನೆಲ ನೋಡಿದರು. ಅವಳ ಕಣ್ಣು ತುಂಬಿತು, ಒರೆಸಿಕೊಳ್ಳಲಿಲ್ಲ.

“ಯಾರೂ ಒಳಗೆ ಹೋಗ್ಬೇಡಿ” ಎಂದ ಮೇಸ್ತ್ರಿ. “ಸಂಜೆ ಮಾಂತ್ರಿಕರು ಬರ್ಲಿ.”

“ಬೆಣೆ ಬೀಳ್ದೆ ಕಂಬ ಸಂಜೆ ತನಕ ನಿಲ್ಲಲ್ಲ ಮೇಸ್ತ್ರಿ, ಆಗ್ಲೇ ವಾಲ್ತಾ ಇದೆ” ಎಂದಳು ಉಳಿ. “ಅಂಗಡಿ ಸಾಲಿನ ಮೇಲೇ ಬೀಳತ್ತೆ.”

“ಬಟ್ಟೆ ಕಚ್ಚಿದ್ದಾಳಲ್ಲಮ್ಮಾ ನಿಮ್ಮಮ್ಮ.”

“ನೋಡ್ದೆ” ಎಂದಳು. ತಾಯಿಯ ಕಣ್ಣನ್ನೇ ದಿಟ್ಟಿಸಿ, ಬೆಣೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಲ್ಲಿನ ಕೆಳಗೆ ನುಸುಳಿದಳು.

ಬೇಡ ಎನ್ನಬೇಕೆನಿಸಿತು ಹಿಡಿಯಕ್ಕನಿಗೆ. ಬೇಡ ಎನ್ನಲು ಬಟ್ಟೆ ತೆಗೆಯಬೇಕು. ಅವಳು ಹಲ್ಲು ಇನ್ನಷ್ಟು ಬಿಗಿದಳು.

ಸುತ್ತಿಗೆಯ ಪೆಟ್ಟು ಬೀಳತೊಡಗಿತು. ಪೆಟ್ಟು ಬಿದ್ದಂತೆಲ್ಲ ಧೂಳು ಎದ್ದು ಬಂದು ಅವಳ ಮುಖಕ್ಕೆ ಮುತ್ತಿತು. ಮೂಗಿನೊಳಗೆ ತುರಿಕೆ ಹುಟ್ಟಿತು. ಸೀನು ಬರುತ್ತಿದೆ ಎಂದು ತಿಳಿದೊಡನೆ ಎಡಗೈಯಿಂದ ಬಟ್ಟೆಯನ್ನು ಬಾಯಿಗೆ ಒತ್ತಿ ಹಿಡಿದಳು, ಉಸಿರು ಕಟ್ಟಿದಳು. ಬಲಗೈ ಅಂಗೈ ಮಾತ್ರ ಅಲುಗಲಿಲ್ಲ. ಪೆಟ್ಟಿನ ಸದ್ದು ಇನ್ನೂ ಟೊಳ್ಳಾಗಿಯೇ ಇತ್ತು, ಬೆಣೆ ಕೂತಿರಲಿಲ್ಲ. ಕಣ್ಣಿನಲ್ಲಿ ನೀರು ಇಳಿಯಿತು, ಕಿವಿ ಗುಂಯ್ ಎಂದಿತು. ಬೀದಿಯಲ್ಲಿ ಯಾರೂ ಕೆಮ್ಮಲಿಲ್ಲ. ಮೆಟ್ಟಿಲ ಮೇಲಿದ್ದ ಕತ್ತಿಯವನಿಗೂ ಏನೋ ಅರ್ಥವಾಗಿ, ಮುಖ ಸಪ್ಪಗೆ ಮಾಡಿಕೊಂಡು ಎದ್ದು ನಿಂತಿದ್ದ.

ಪೆಟ್ಟಿನ ಸದ್ದು ಗಟ್ಟಿಯಾಯಿತು. ಇನ್ನೊಂದು ಪೆಟ್ಟು, ಅದೂ ಗಟ್ಟಿ. ಮಗಳು ತೆವಳಿಕೊಂಡು ಹೊರಗೆ ಬಂದು, ದೂರ ನಿಂತು, ಕೈ ಎತ್ತಿದಳು.

ಆಗ ಸೀನು ಬಂತು, ದೊಡ್ಡದೇ ಬಂತು. ಬಟ್ಟೆ ಹಾರಿ ಕಾಲ ಬಳಿ ಬಿತ್ತು. ಕಲ್ಲು ಅಲುಗಲಿಲ್ಲ. ಹಿಡಿಯಕ್ಕ ಮೂಗು ಒರೆಸಿಕೊಂಡು, ಅಭ್ಯಾಸದಂತೆ ಪ್ರತಿಯೊಬ್ಬರ ತಲೆಯನ್ನೂ ಕಣ್ಣಿನಲ್ಲೇ ಹುಡುಕಿ, ಕಮಾನಿನ ಕೆಳಗೆ ನಾಯಿಯೂ ಇಲ್ಲ ಎಂಬುದನ್ನು ನೋಡಿಕೊಂಡು, “ಆಯ್ತು” ಎಂದಳು. ಅಡ್ಡಗಲ್ಲು ಇಳಿದು ಎರಡೂ ಕಂಬಗಳ ಮೇಲೆ ಕೂತಿತು. ಅಂಗೈಯ ಜೋಮು ಇಳಿದುಹೋಯಿತು.

ಮೇಸ್ತ್ರಿ ಹತ್ತಿರ ಬಂದು ಬಟ್ಟೆ ಎತ್ತಿಕೊಟ್ಟ. “ಅಕ್ಕಾ, ಇನ್ಮೇಲೆ...” ಎಂದ.

“ಗೊತ್ತಪ್ಪಾ. ನೀನು ಹೇಳ್ಬೇಡ” ಎಂದಳು.

ಮೆಟ್ಟಿಲ ನೆರಳಿನಲ್ಲಿ ಕೂತಾಗ ಮಗಳು ಬಂದು ಪಕ್ಕದಲ್ಲಿ ಕೂತಳು.

“ಯಾವಾಗಿಂದಮ್ಮಾ?”

“ಸ್ವಲ್ಪ ದಿನದಿಂದ.”

“ಹೇಳ್ಬಾರ್ದಿತ್ತಾ? ಕೆಳಗೆ ಇದ್ದೋಳು ನಾನು.”

ಹಿಡಿಯಕ್ಕ ಮಗಳ ಕೂದಲಿನ ಪುಡಿಯನ್ನು ಬೆರಳಿನಿಂದ ತೆಗೆಯುತ್ತ ಕೂತಳು. ಮಗಳು ಸಿಟ್ಟಿನಿಂದ ತಲೆ ಅತ್ತ ಸರಿಸಿ, ಸ್ವಲ್ಪ ಹೊತ್ತಿಗೆ ತಾನೇ ಇತ್ತ ತಂದಳು.

“ಊಟ ಆಯ್ತಾ?” ಎಂದು ಕೇಳಿ, ಕೇಳಿದ್ದೇ ಬೆಚ್ಚಿ ಕಮಾನಿನ ಕಡೆ ನೋಡಿದಳು. ಅದು ಕೂತಲ್ಲೇ ಕೂತಿತ್ತು.

ಹಿಡಿಯಕ್ಕ ತನ್ನ ಬಲ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು.

“ಆಯ್ತು” ಎಂದಳು.

ಬುತ್ತಿಯ ಗಂಟು ಬೆಳಿಗ್ಗೆ ಕಟ್ಟಿದ ಹಾಗೆಯೇ ಮೆಟ್ಟಿಲ ನೆರಳಿನಲ್ಲಿತ್ತು. ಮಗಳು ಅದನ್ನು ನೋಡಿದಳು, ಗಂಟು ಬಿಚ್ಚಿ ಇಬ್ಬರ ನಡುವೆ ಇಟ್ಟಳು.