ಹೊಡೆಯದೆ ಉಳಿದ ಎರಡನೇ ಕೈ

ರುಕ್ಕಮ್ಮನವರ ಮನೆಯ ಗೋಬರ್ ಗ್ಯಾಸಿನ ಗುಮ್ಮಟಕ್ಕೆ ನಾನು ಎರಡನೇ ಕೈ ಬಣ್ಣ ಹೊಡೆಯಲಿಲ್ಲ. ಹೊಡೆದೆ ಎಂದು ಹೇಳಿದೆ. ಗ್ಯಾಸು ಸೋರತೊಡಗಿದಾಗ, ತಪ್ಪು ನನ್ನದೆಂದು ಗೊತ್ತಿದ್ದೂ, ಅದನ್ನು ಆ ಮನೆಯ ಸೊಸೆ ಗಿರಿಜಮ್ಮನ ಮೇಲೆ ಹಾಕಿದೆ. ಹದಿನೇಳು ವರ್ಷ ಅದು ಅವಳ ಮೇಲೆಯೇ ಇತ್ತು. ಇಷ್ಟನ್ನು ಮೊದಲೇ ಬರೆದುಬಿಟ್ಟಿದ್ದೇನೆ — ಯಾಕೆಂದರೆ ನಾನು ಸುತ್ತಿ ಬಳಸಿ ಮಾತಾಡುವವನು, ತಡ ಮಾಡಿದರೆ ಮತ್ತೆ ನುಣುಚಿಕೊಳ್ಳುತ್ತೇನೆ.

ನಾನು ಕುಂದಾಪುರದ ಹತ್ತಿರದ ಬೀಜಾಡಿಯವನು, ಹೆಸರು ಶೀನ. ಅಪ್ಪ, ಅಣ್ಣಂದಿರು ಎಲ್ಲ ಕಡಲಿಗೆ ಹೋಗುವವರು. ನನಗೆ ದೋಣಿ ಹತ್ತಿದರೆ ಕೈಕಾಲು ತಣ್ಣಗಾಗುತ್ತಿತ್ತು. ಹಾಗಾಗಿ ಕರಣೆ ಹಿಡಿದು ಮೇಸ್ತ್ರಿಯಾದೆ, ಗೋಬರ್ ಗ್ಯಾಸಿನ ಗುಂಡಿ ಕಟ್ಟುವುದನ್ನು ಕಲಿತೆ. ‘ಕಡಲಿಗೆ ಹೆದ್ರಿ ಗುಂಡಿಗೆ ಬಿದ್ದವ’ ಎಂದು ಅಣ್ಣಂದಿರು ತಮಾಷೆ ಮಾಡುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ಆ ಮಾತು ಒಳಗೊಳಗೇ ಕೊರೆಯುತ್ತಿತ್ತು. ಇನ್ನೊಂದು ಸಲ ಹೆದರಿದವನು ಅನ್ನಿಸಿಕೊಳ್ಳಬಾರದು ಎಂಬ ಹಟ ಆಗಲೇ ಹುಟ್ಟಿತ್ತು.

ತೊಂಬತ್ತೇಳರ ಬೇಸಿಗೆಯಲ್ಲಿ ಬ್ರಹ್ಮಾವರದಿಂದ ಒಳಗೆ ರುಕ್ಕಮ್ಮನವರ ಮನೆಯಲ್ಲಿ ಗುಂಡಿ ಕಟ್ಟಿದೆ. ಮಗ ಮುಂಬೈಯಲ್ಲಿ ಹೋಟೆಲಿನಲ್ಲಿದ್ದ. ಮನೆಯಲ್ಲಿ ರುಕ್ಕಮ್ಮ, ಸೊಸೆ ಗಿರಿಜಮ್ಮ, ತೊಟ್ಟಿಲಲ್ಲಿ ಒಂದು ಹೆಣ್ಣು ಮಗು, ಹಟ್ಟಿಯಲ್ಲಿ ನಾಲ್ಕು ದನ. ಹೊಗೆಯ ಒಲೆ ಊದಿ ಊದಿ ಗಿರಿಜಮ್ಮನ ಕಣ್ಣು ಯಾವಾಗಲೂ ಕೆಂಪಗೆ. ಆ ಗುಂಡಿಯ ಮೇಲೆ ಅವಳಿಗೆ ಎಷ್ಟು ಆಸೆಯಿತ್ತೆಂದರೆ, ಇಟ್ಟಿಗೆಯ ಒಂದೊಂದು ಸಾಲಿಗೂ ಬಂದು ನೋಡಿ ಹೋಗುತ್ತಿದ್ದಳು.

ಒಂದು ಸಲ ಬಣ್ಣ ಬಳಿದರೆ ಅದನ್ನು ನಾವು ಒಂದು ಕೈ ಎನ್ನುತ್ತೇವೆ. ಗುಂಡಿಯನ್ನು ಮುಚ್ಚುವ ಗುಮ್ಮಟದ ಒಳಗೆ ಗಾರೆ ಒಣಗಿದ ಮೇಲೆ ಎರಡು ಕೈ ಬಣ್ಣ ಬೀಳಲೇಬೇಕು, ಇಲ್ಲದಿದ್ದರೆ ಗಾರೆಯ ಸಣ್ಣ ಸಣ್ಣ ತೂತುಗಳಲ್ಲಿ ಗ್ಯಾಸು ಹೋಗುತ್ತದೆ. ಮೊದಲ ಕೈ ಮುಗಿಸಿದೆ. ಮರುದಿನ ಎರಡನೆಯದಕ್ಕೆ ಇಳಿದೆ. ಕತ್ತಲೆ, ಸೆಕೆ, ಬಣ್ಣದ ಘಾಟು. ನೆತ್ತಿಯ ಭಾಗಕ್ಕೆ ಬ್ರಷ್ ಎತ್ತಿದ್ದೇ ತಡ, ತಲೆ ತಿರುಗಿತು. ಹೊರಬರುವ ಕಿಂಡಿ ಯಾವ ಕಡೆಗಿದೆ ಎಂದೇ ತಿಳಿಯಲಿಲ್ಲ. ಇಲ್ಲೇ ಸತ್ತೆ ಅಂದುಕೊಂಡೆ — ನಾಲ್ಕು ಕಾಲಲ್ಲಿ ತಡಕಾಡಿ ಹೇಗೋ ಹೊರಗೆ ಬಂದು ಬಿದ್ದೆ.

ಗಿರಿಜಮ್ಮ ಬೆಲ್ಲ, ನೀರು ತಂದುಕೊಟ್ಟಳು. “ಎರಡ್ನೇ ಕೈ ಆಯ್ತಾ ಮೇಸ್ತ್ರಿ?” ಎಂದು ಕೇಳಿದಳು.

“ಆಯ್ತ್” ಅಂದೆ.

ಒಂದೇ ಶಬ್ದ. ಹೆದರಿಕೆಯಾಯಿತು, ನಾಳೆ ಹೊಡೆಯುತ್ತೇನೆ ಅಂದಿದ್ದರೆ ಅವಳು ನಗುತ್ತಿರಲಿಲ್ಲ, ನಗುವವಳೇ ಅಲ್ಲ. ಆದರೂ... ಮರುದಿನ ಸಗಣಿ ತುಂಬಲು ಹೇಳಿ ಬಸ್ಸು ಹತ್ತಿದೆ. ಅದಾದ ಮೇಲೆ ಬೇರೆ ಗುಂಡಿಗಳಲ್ಲಿ ಒಳಗಿನ ಬಣ್ಣಕ್ಕೆ ಇನ್ನೊಬ್ಬನನ್ನು ಕರೆದುಕೊಂಡು ಹೋಗುತ್ತಿದ್ದೆ, ಸೊಂಟ ನೋವು ಎಂದು ಕಾರಣ ಹೇಳುತ್ತಿದ್ದೆ.

ಎರಡು ತಿಂಗಳಲ್ಲಿ ಕರೆ ಬಂತು. ಹೋದೆ. ಒಲೆ ಹಚ್ಚಿದರೆ ನೀಲಿ ಉರಿ ಒಂದಿಷ್ಟು ಹೊತ್ತು ಇದ್ದು ಕುಗ್ಗಿಹೋಗುತ್ತಿತ್ತು. ಹೊರತೊಟ್ಟಿ ನೋಡಿದೆ. ಗುಂಡಿ ಗಟ್ಟಿಯಿದ್ದರೆ ಒಳಗೆ ಗ್ಯಾಸು ಕಟ್ಟಿಕೊಂಡು ಬೆಳಗಾಗುವಾಗ ಸಗಣಿಗಂಜಿಯನ್ನು ಅಲ್ಲಿಗೆ ದೂಡಿರಬೇಕು. ಅಲ್ಲಿ ಒಂದು ಗೇಣೂ ಏರಿರಲಿಲ್ಲ. ನನಗೆ ಅಲ್ಲೇ ಅರ್ಥವಾಯಿತು. ಆದರೂ ತೋರಿಕೆಗೆ ಒಲೆ ಬಿಚ್ಚಿ, ಬರ್ನರಿನ ತೂತುಗಳಿಗೆ ಸೂಜಿ ಹಾಕಿ ಕೂತೆ.

“ಎಂತ ಶೀನ, ಅನ್ನ ಬೇವ್ಕಿಂತ ಮೊದ್ಲೇ ಒಲೆ ನಂದಿ ಹೋತ್ತಲ?” ಎಂದು ರುಕ್ಕಮ್ಮ ಕೇಳಿದರು.

ದಿನಾ ಗುಂಡಿಗೆ ಸಗಣಿ ಕಲಸಿ ಹಾಕುತ್ತಿದ್ದವಳು ಗಿರಿಜಮ್ಮ. ನಾನು ತಲೆಯೆತ್ತದೆ ಹೇಳಿದೆ: “ಗ್ಯಾಸಿಗೂ ಕೈಗುಣ ಇತ್ತಮ್ಮ. ಕಲ್ಸು ಕೈ ಸಮ ಇಲ್ದಿದ್ರೆ ಹೀಂಗೇ.”

ಸಗಣಿಗೆ ನೀರು ಹೆಚ್ಚೋ ಕಡಿಮೆಯೋ ಆಗಿದೆ ಎಂಬರ್ಥದಲ್ಲಿ ಹೇಳಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದೂ ಸುಳ್ಳು. ಕೈಗುಣ ಎಂಬ ಮಾತಿಗೆ ನಮ್ಮ ಊರಲ್ಲಿ ಎಷ್ಟು ತೂಕ ಎಂದು ಗೊತ್ತಿದ್ದೇ ಹೇಳಿದ್ದು. ಮದ್ದು ಕೊಡುವವರಿಗೆ ಕೈಗುಣ, ಹಾಲಿಗೆ ಹೆಪ್ಪು ಹಾಕಲು ಕೈಗುಣ, ಬಳ್ಳಿ ನೆಡಲು ಕೈಗುಣ. ಅದು ಒಳ್ಳೆಯದಿಲ್ಲ ಎಂದು ಒಬ್ಬರ ಬಗ್ಗೆ ಹೇಳಿದರೆ ಮತ್ತೆ ಯಾರೂ ಯಾಕೆ ಎಂದು ಕೇಳುವುದಿಲ್ಲ. ನನಗೆ ಬೇಕಾಗಿದ್ದೂ ಅದೇ.

ಮರುವರ್ಷ ಇನ್ನೊಮ್ಮೆ ಕರೆದಾಗ ಅಂಗಳದಲ್ಲಿ ಸೌತೆ ಬೀಜ ಹಾಕಲು ಮಣ್ಣು ಏರಿಸಿದ್ದರು. ಗಿರಿಜಮ್ಮ ಬೀಜದ ತಟ್ಟೆಗೆ ಕೈ ಹಾಕಿದ್ದಳಷ್ಟೆ. “ನೀನ್ ಮುಟ್ಟುದ್ ಬ್ಯಾಡ ಹೆಣ್ಣೆ. ನಿನ್ ಕೈಗುಣ ಗ್ಯಾಸಲ್ಲೇ ಕಂಡಾಯ್ತಲ” ಎಂದು ರುಕ್ಕಮ್ಮ ತಟ್ಟೆಯನ್ನು ಪಕ್ಕದ ಮನೆಯವಳ ಕೈಗೆ ಕೊಟ್ಟರು. ಬೈದು ಹೇಳಿದ್ದಲ್ಲ; ಮಾಮೂಲಿಯಾಗಿ, ಚಾ ಆಯ್ತಾ ಎಂದು ಕೇಳುವ ಹಾಗೆ. ಗಿರಿಜಮ್ಮ ಕೈಯನ್ನು ಸೀರೆಗೆ ಒರೆಸಿಕೊಂಡು ಒಳಗೆ ಹೋದಳು. ನಾನು ಅಲ್ಲೇ ನಿಂತಿದ್ದೆ, ಸೂಜಿ ಹಿಡಿದುಕೊಂಡು. ಆಗಲಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಆಮೇಲೆ ಆ ದಾರಿಯನ್ನೇ ಬಿಟ್ಟೆ.

ವರ್ಷಗಳು ಹೋದವು. ಮೊನ್ನೆ ಮೊನ್ನೆ, ಅಂದರೆ ಹದಿನಾಲ್ಕನೇ ಇಸವಿಯಲ್ಲಿ, ಕುಂದಾಪುರದ ಒಂದು ಸಭೆಗೆ ನಮ್ಮಂಥ ಹಳೆಯ ಮೇಸ್ತ್ರಿಗಳನ್ನೂ ಕರೆದಿದ್ದರು. ಹವಾಮಾನದ ವಿಷಯ. ಮಾತಾಡಿದ್ದು ಒಬ್ಬಳು ಚಿಕ್ಕ ವಯಸ್ಸಿನ ಟೀಚರು. ಗೋಬರ್ ಗ್ಯಾಸಿನಲ್ಲಿರುವುದು ಮೀಥೇನ್. ಅದು ಉರಿದರೆ ಒಲೆ ಬಿಸಿಯಾಗುತ್ತದೆ, ಉರಿಯದೆ ಸೋರಿದರೆ ಮೇಲೆ ಹೋಗಿ ಭೂಮಿಯನ್ನೇ ಬಿಸಿ ಮಾಡುತ್ತದೆ, ಹೊಗೆಗಿಂತ ಜೋರಾಗಿ — ಹೀಗೆ ಹೇಳಿದಳು.

ಮುಂಬೈಯಲ್ಲಿ ಹೋಟೆಲು ನಡೆಸಿ ಬಂದ, ನನಗೆ ಗುರುತಿಲ್ಲದ ಹಿರಿಯರೊಬ್ಬರು ಎದ್ದರು. “ಹ್ವಾಯ್ ಟೀಚರ್ರೆ, ಬೊಂಬಾಯಲ್ಲಿ ಲಕ್ಷಗಟ್ಲೆ ಕಾರ್ ಓಡ್ತಿತ್ತ್. ಅದನ್ ಬಿಟ್ಟ್ ನಮ್ ಹಟ್ಟಿ ಗಂಟಿ ಹೂಸ್ ಎಂತಕೆ ಮೂಸ್ತ್ರಿ?”

ಸಭೆಯೆಲ್ಲ ನಕ್ಕಿತು. ಟೀಚರೂ ನಕ್ಕಳು. “ಕಾರಿನದ್ದೂ ತಪ್ಪೇ ಅಜ್ಜಯ್ಯ. ಆದರೆ ಅದನ್ನು ನಿಲ್ಲಿಸುವುದು ನಿಮ್ಮ ಕೈಯಲ್ಲಿಲ್ಲ, ಸೋರುವ ಗುಂಡಿ ಸರಿ ಮಾಡುವುದು ನಿಮ್ಮ ಕೈಯಲ್ಲಿದೆ” ಅಂದಳು. ಮೇಸ್ತ್ರಿಗಳ ಕಡೆ ತಿರುಗಿ, ಅಂಥ ಗುಂಡಿ ಯಾರಿಗಾದರೂ ಗೊತ್ತೇ ಎಂದು ಕೇಳಿದಳು. ಯಾರೂ ಕೈ ಎತ್ತಲಿಲ್ಲ. ನಾನೂ.

ಯಾರ ವಾದ ಸರಿ ಎಂದು ತೂಗುವಷ್ಟು ಓದಿದವನು ನಾನಲ್ಲ. ಆದರೆ ಅವಳ ಮಾತು ನನ್ನನ್ನು ಬಿಡಲಿಲ್ಲ. ಸೋರಿದ ಗ್ಯಾಸು ಗಾಳಿಗೆ ಹೋಯಿತು, ಮುಗಿಯಿತು ಎಂದುಕೊಂಡಿದ್ದೆ. ಮುಗಿಯುವುದಿಲ್ಲವಂತೆ. ಕಣ್ಣಿಗೆ ಕಾಣದೆ ಮೇಲೆ ನಿಂತು ತನ್ನ ಕೆಲಸ ಮಾಡುತ್ತಲೇ ಇರುತ್ತದಂತೆ. ನಾನು ಬಿಟ್ಟ ಮಾತೂ ಆ ಮನೆಯಲ್ಲಿ ಇಷ್ಟು ವರ್ಷ ಏನೇನು ಮಾಡಿರಬಹುದು? ಮರುದಿನ ಬೆಳಿಗ್ಗೆ ಬ್ರಹ್ಮಾವರದ ಬಸ್ಸು ಹತ್ತಿದೆ.

ಗುಂಡಿ ಇನ್ನೂ ಇತ್ತು. ಗೊಬ್ಬರ ಒಳ್ಳೆಯದೆಂದು ದಿನಾ ಸಗಣಿ ಹಾಕುತ್ತಿದ್ದರು. ಗ್ಯಾಸು ಬೆಳಗಿನ ಚಾಕ್ಕಷ್ಟೇ. ಗಿರಿಜಮ್ಮ ಹಟ್ಟಿಯ ಹತ್ತಿರ ಸಗಣಿ ಕಲಸುತ್ತಿದ್ದಳು. ಕೂದಲು ನರೆತಿತ್ತು. ನಿಂತಲ್ಲೇ ಎಲ್ಲ ಹೇಳಿದೆ. ತಲೆ ತಿರುಗಿದ್ದು, ‘ಆಯ್ತ್’ ಅಂದದ್ದು, ಕೈಗುಣ ಎಂದದ್ದು.

ಅವಳು ಸಗಣಿ ಮೆತ್ತಿದ ತನ್ನ ಕೈಗಳನ್ನು ನೋಡುತ್ತ ನಿಂತಳು. “ನಂಗೂ ಹಾಂಗೇ ನಂಬ್ಕಿ ಬಂದಿತ್ ಮೇಸ್ತ್ರಿ” ಎಂದಳು. “ಮಗ್ಳಿಗೆ ಸುರುವಿಗೆ ಅಕ್ಷರ ಬರ್ಸುವತ್ತಿಗೆ ನಾನ್ ಕೈ ಹಿಡಿಲಿಲ್ಲೆ. ಪಕ್ಕದ್ಮನೆಯವ್ಳ್ ಹಿಡ್ಕಂಡ್ ಬರ್ಸಿದ್ಲ್.”

ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಬರೆಸುವ ಒಂದು ಗಳಿಗೆ. ಅದನ್ನು ನಾನು ಯಾವ ಬಣ್ಣ ಹೊಡೆದು ತುಂಬಿಕೊಡಲಿ? ನನಗೆ ಅಳು ಬಂತು. ಅವಳಿಗೆ ಬರಲಿಲ್ಲ.

“ನನ್ ಹತ್ರ ಹೇಳಿರೆ ಸಾಕಾತ್ತಿಲ್ಲೆ. ಒಳ್ಗ್ ಬನ್ನಿ. ಅತ್ತೆ ಹತ್ರ ಹೇಳಿ” ಅಂದಳು.

ರುಕ್ಕಮ್ಮನವರಿಗೆ ಎಂಬತ್ತು ದಾಟಿತ್ತು, ಕಿವಿ ಚುರುಕಾಗಿತ್ತು. ಅಡಿಕೆ ಜಜ್ಜುತ್ತಿದ್ದವರು ನಿಲ್ಲಿಸಿ ಪೂರ್ತಿ ಕೇಳಿದರು. ಆಮೇಲೆ, “ಹದ್ನೇಳ್ ವರ್ಷ ನನ್ ಬಾಯಲ್ಲಿ ಸುಳ್ಳ್ ಹೇಳ್ಸಿಯಲ ಶೀನ” ಎಂದರು. ಸೊಸೆಯ ಕಡೆ ನೋಡಲಾಗದೆ ಗೋಡೆ ನೋಡಿದರು.

ಗುಂಡಿಯನ್ನು ಪೂರ್ತಿ ಖಾಲಿ ಮಾಡಿ, ತೊಳೆದು, ಗಾಳಿಯಾಡಲು ತುಂಬ ದಿನ ತೆರೆದಿಟ್ಟೆವು. ಒಳಗಿನ ಬಣ್ಣಕ್ಕೆ ಬೇರೆಯವರನ್ನು ಕರೆಯಲಿಲ್ಲ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಹೊರಗಿನ ತುದಿ ಯಾರಾದರೂ ಹಿಡಿಯಬೇಕು ಅಂದೆ. ಗಿರಿಜಮ್ಮ ಹಿಡಿದಳು.

ಕತ್ತಲೆ, ಸೆಕೆ, ಘಾಟು — ಎಲ್ಲ ಹಾಗೇ ಇತ್ತು. ನನ್ನ ಹೆದರಿಕೆಯೂ. ಸ್ವಲ್ಪ ಸ್ವಲ್ಪ ಹೊತ್ತಿಗೆ ಹಗ್ಗ ಅಲುಗುತ್ತಿತ್ತು, “ಹ್ವಾಯ್ ಮೇಸ್ತ್ರಿ, ಇದ್ರಿಯಾ?” ಎಂದು ದನಿ ಕೇಳುತ್ತಿತ್ತು. “ಇದ್ದೆ” ಅನ್ನುತ್ತಿದ್ದೆ. ನಡುನಡುವೆ ಹೊರಗೆ ಬಂದು ಉಸಿರು ತೆಗೆದುಕೊಂಡೆ. “ಹೆದ್ರಿಕೆ ಆತ್ತ್” ಎಂದು ಅವಳ ಮುಂದೆ ಬಾಯಿಬಿಟ್ಟು ಹೇಳಿದೆ. ಹೇಳಿದರೆ ಏನೂ ಆಗುವುದಿಲ್ಲ ಎಂಬುದು ಐವತ್ತು ದಾಟಿದ ಮೇಲೆ ತಿಳಿಯಿತು. ಒಂದು ಕೈ ಒಣಗಿದ ಮೇಲೆ ಇನ್ನೊಂದು ಕೈ, ನೆತ್ತಿಯವರೆಗೂ ಹೊಡೆದೆ. ಹೊರಬಂದು ಹಗ್ಗ ಬಿಚ್ಚಿದಾಗ ಎದೆ ಎಷ್ಟು ಹಗುರಾಗಿತ್ತೆಂದರೆ, ಅಂಗಳದಲ್ಲೇ ಕೂತು ನಕ್ಕೆ.

ಸಗಣಿ ತುಂಬುವ ದಿನ ರುಕ್ಕಮ್ಮ ಕೋಲೂರಿಕೊಂಡು ಹಟ್ಟಿಯವರೆಗೆ ಬಂದರು. “ಸುರುವಿನ ಬುಟ್ಟಿ ನೀನ್ ಹಾಕ್ ಹೆಣ್ಣೆ. ನಿನ್ ಕೈಗುಣ ಒಳ್ಳೇದಿತ್ತ್” ಎಂದರು.

“ಕೈಗುಣ ಎಂತದೂ ಇಲ್ಲೆ ಅತ್ತೆ. ಇದ್ ಸಗಣಿ” ಎಂದಳು ಗಿರಿಜಮ್ಮ. ಹಾಕಿದಳು.

ವಾರಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಹೊರತೊಟ್ಟಿಯಲ್ಲಿ ಸಗಣಿಗಂಜಿ ಏರಿ ನಿಂತಿತ್ತು. ಅಂದು ಅನ್ನ, ಸಾರು ಎರಡೂ ಗ್ಯಾಸಿನಲ್ಲೇ ಬೆಂದವು. ನನಗೂ ಬಡಿಸಿದಳು. ಕ್ಷಮಿಸು ಎಂದು ನಾನು ಕೇಳಲಿಲ್ಲ, ಕ್ಷಮಿಸಿದೆ ಎಂದು ಅವಳೂ ಹೇಳಲಿಲ್ಲ. ಹೋದ ವರ್ಷಗಳು ಹೋದವೇ. ಅದು ನನ್ನ ಜೊತೆಗಿರುತ್ತದೆ, ಇರಲಿ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಸುತ್ತ ನಾನು ಕಟ್ಟಿದ ಗುಂಡಿಗಳು ಇನ್ನೂ ಇವೆ. ಬೆಳಿಗ್ಗೆ ಎದ್ದು ಹೊರತೊಟ್ಟಿ ನೋಡಿ. ಏರಿರದಿದ್ದರೆ ಮನೆಯಲ್ಲಿ ಯಾರ ಕೈಯನ್ನೂ ನೋಡಬೇಡಿ, ಬೀಜಾಡಿಗೆ ಹೇಳಿಕಳಿಸಿ. ಹಗ್ಗ ಹಿಡಿಯಲು ಒಬ್ಬರಿದ್ದರೆ ಸಾಕು, ಒಳಗೆ ನಾನೇ ಇಳಿಯುತ್ತೇನೆ.