ಟೀಚರ್ ಕೈಯ ಸೀತಾಫಲದ ಹಾಲು

ಮಾಗಿದ ಸೀತಾಫಲದ ವಾಸನೆ ಮುಚ್ಚಿಟ್ಟರೆ ನಿಲ್ಲುವುದಿಲ್ಲ. ಮೊನ್ನೆ ನಮ್ಮವರು ಸುರಪುರದಿಂದ ಬರುವಾಗ ಒಂದು ಬುಟ್ಟಿ ಹಣ್ಣು ತಂದು ಅಡುಗೆಮನೆಯ ಮೂಲೆಯಲ್ಲಿಟ್ಟು, ಮೇಲೊಂದು ಚೀಲ ಹೊದಿಸಿದ್ದರು. ಬೆಳಗ್ಗೆ ಬಾಗಿಲು ತೆಗೆದರೆ ಮನೆತುಂಬ ಅದೇ... ಮೈದುನನ ಮಕ್ಕಳು ಎದ್ದ ಕೂಡಲೇ ‘ದೊಡ್ಡವ್ವ, ಹಣ್ಣಿನ ಹಾಲು ಮಾಡು’ ಎಂದು ಸೆರಗು ಹಿಡಿದು ಜಗ್ಗಿದವು. ಹಾಲು ಕಾಯಿಸಿ ಆರಲು ಇಟ್ಟು, ಮೊದಲ ಹಣ್ಣು ಒಡೆದು ಬೆರಳು ಹಾಕಿದೆ. ಅಂಗನವಾಡಿಯ ಟೀಚರ್ ನೆನಪಾದರು. ಪ್ರತಿ ವರ್ಷ ಈ ಹಣ್ಣು ಬಂದಾಗ ನೆನಪಾಗುತ್ತಾರೆ, ಪ್ರತಿ ವರ್ಷ ನನಗೆ ಹೊಸದಾಗಿ ಸಿಟ್ಟು ಬರುತ್ತದೆ.

ಆಗ ನನ್ನ ಮಗಳು ಸಣ್ಣವಳು. ಅಂಗನವಾಡಿ ನಮ್ಮ ಹಿತ್ತಲ ಗೋಡೆಗೆ ಹತ್ತಿಕೊಂಡೇ ಇತ್ತು. ಅಲ್ಲಿ ಮಕ್ಕಳು ಕೆಮ್ಮಿದರೂ ನನ್ನ ಅಡುಗೆಮನೆಗೆ ಕೇಳಿಸುತ್ತಿತ್ತು. ಟೀಚರ್ ನಮ್ಮೂರ ದಲಿತರ ಕೇರಿಯವರು. ಓದಿಕೊಂಡಿದ್ದರು, ಮದುವೆಯಾಗಿರಲಿಲ್ಲ, ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು ಎಲ್ಲರಿಗಿಂತ ಮುಂಚೆ ಬಂದು ಬಾಗಿಲು ತೆಗೆಯುತ್ತಿದ್ದರು. ಅಕ್ಷರ ಅವರು ಕಲಿಸಬಹುದಿತ್ತು, ಹಾಡು ಅವರು ಹೇಳಿಕೊಡಬಹುದಿತ್ತು. ಒಲೆಯ ಹತ್ತಿರ ಮಾತ್ರ ನಮ್ಮ ಪೈಕಿಯ ಆಯಾ. ಹೀಗೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಊರಿಗೆಲ್ಲ ಗೊತ್ತಿತ್ತು.

ಮಕ್ಕಳಿಗೆ ಸರಕಾರದ ಪುಡಿ ಹಾಲು ಬರುತ್ತಿತ್ತು. ಆಯಾ ಅದನ್ನು ಕಲಸಿ ಕಾಯಿಸಿ ಲೋಟಕ್ಕೆ ಹಾಕಿದರೆ ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಿದ್ದವು. ನನ್ನ ಮಗಳಂತೂ ಬಾಯಲ್ಲಿ ತುಂಬಿಕೊಂಡು ಹೊರಗೆ ಹೋಗಿ ಬೇವಿನ ಗಿಡದ ಬುಡಕ್ಕೆ ಉಗುಳಿ ಬರುತ್ತಿದ್ದಳು. ಮನೆಯ ಎಮ್ಮೆ ಹಾಲನ್ನೂ ಮುಟ್ಟುತ್ತಿರಲಿಲ್ಲ. ಎತ್ತಿಕೊಂಡರೆ ಪಕ್ಕೆಲುಬು ಕೈಗೆ ಸಿಗುತ್ತಿದ್ದವು. ಶಹಾಪುರದ ಡಾಕ್ಟರಿಗೆ ತೋರಿಸಿದರೆ, ಟಾನಿಕ್ ಬರೆದುಕೊಟ್ಟು ಹಾಲು ಕುಡಿಸಿರಿ ಎಂದರು. ಕುಡಿದರೆ ತಾನೇ...

ಕುಡಿಸಿದ್ದು ಟೀಚರ್. ಅವರ ಮನೆಯ ಹಿಂದೆ ಗುಡ್ಡ, ಗುಡ್ಡದ ತುಂಬ ಸೀತಾಫಲದ ಗಿಡ. ಒಂದು ದಿನ ಬುಟ್ಟಿಯಲ್ಲಿ ಹಣ್ಣು ತಂದರು. ಆಯಾ ಕಾಯಿಸಿದ ಅದೇ ಪುಡಿ ಹಾಲನ್ನು ಪೂರ್ತಿ ಆರಿಸಿ, ಸಕ್ಕರೆ ಹಾಕದೆ, ನೆನೆಸಿದ ಉತ್ತತ್ತಿ ಅರೆದು ಬೆರೆಸಿದರು. ಆಮೇಲೆ ಹಣ್ಣು. ಸೀತಾಫಲವನ್ನು ಮಿಕ್ಸಿಗೆ ಹಾಕುವಂತಿಲ್ಲ. ಅದರ ಬೀಜ ನಾವು ತಲೆಯ ಹೇನಿಗೆ ಅರೆದು ಹಚ್ಚುವಂಥದ್ದು, ಒಡೆದು ಹೊಟ್ಟೆಗೆ ಹೋಗಬಾರದು. ಬೆರಳಿನಿಂದಲೇ ಕಿವುಚಿ, ಒಂದೊಂದೇ ಬೀಜ ಬಿಡಿಸಿ, ತಿರುಳನ್ನು ಜರಡಿಯಲ್ಲಿ ತಿಕ್ಕಿ ಇಳಿಸಬೇಕು. ಕೈ ಇಲ್ಲದೆ ಆ ಹಾಲು ಆಗುವುದೇ ಇಲ್ಲ. ಗೋಡೆಯ ಈಚೆ ನಿಂತು ನೋಡುತ್ತಿದ್ದೆ. ನನ್ನ ಮಗಳು ಒಂದು ಲೋಟ ಕುಡಿದು ಇನ್ನೊಂದಕ್ಕೆ ಕೈ ಚಾಚಿದಳು. ಟೀಚರ್ ತಲೆಯೆತ್ತಿ ನನ್ನ ಕಡೆ ನೋಡಿ, ‘ಕುಡುದ್ಲರೀ ಅಕ್ಕಾರ’ ಎಂದರು. ಆ ಮುಖದಲ್ಲಿದ್ದ ಸಂತೋಷ ನನ್ನ ಸಂತೋಷಕ್ಕಿಂತ ಒಂದು ಕೈ ಹೆಚ್ಚೇ ಇತ್ತು.

ಆ ಸುಗ್ಗಿ ಮುಗಿಯುವುದರೊಳಗೆ ಮಗಳ ಕೆನ್ನೆ ತುಂಬಿಕೊಂಡಿತು. ಸೀತಾಫಲ ಮುಗಿದರೆ ಬಾಳೆಹಣ್ಣು, ಅದಾದ ಮೇಲೆ ಚಿಕ್ಕು. ಕೇರಿಯ ಮಕ್ಕಳು, ನಮ್ಮ ಓಣಿಯ ಮಕ್ಕಳು ಒಂದೇ ಸಾಲಿನಲ್ಲಿ ಕೂತು ಬಿಳಿ ಮೀಸೆ ಬರಿಸಿಕೊಳ್ಳುತ್ತಿದ್ದವು.

ಹಾಳು ಮಾಡಿದ್ದು ಮಗಳ ಬಾಯಿ. ಪಾಪ, ಕೂಸಿಗೇನು ಗೊತ್ತು? ಒಂದು ಸಂಜೆ ನಮ್ಮ ಅತ್ತೆ ಎಮ್ಮೆ ಹಾಲು ಕುಡಿಸಲು ಹೋದಾಗ, ‘ಇದು ಬ್ಯಾಡ, ಟೀಚರ್ ಕೈಲೆ ಹಿಚುಕಿ ಮಾಡ್ತಾರಲ್ಲ, ಆ ಹಾಲು ಬೇಕು’ ಎಂದಳು. ಅತ್ತೆ ಲೋಟ ಕೆಳಗಿಟ್ಟರು. ಹಣೆತುಂಬ ವಿಭೂತಿ ಹಚ್ಚಿಕೊಂಡು, ಮಠದ ಪುರಾಣದಲ್ಲಿ ಎಲ್ಲರೂ ಒಂದೇ ಎಂಬ ಮಾತಿಗೆ ತಲೆದೂಗಿ ಬಂದಿದ್ದ ಹೆಂಗಸು.

‘ಅತ್ತಿ, ಕೂಸು ಹಾಲು ಕುಡ್ಯಾಕತ್ತೈತಿ. ಮೈ ಹತ್ತಾಕತ್ತೈತಿ. ಇನ್ನೇನ್ ಬೇಕ್ರಿ?’ ಎಂದೆ.

‘ನಾ ಏನ್ ಹಣ್ಣು ಬ್ಯಾಡ ಅಂದೆನೇನು? ಇಡೀ ಹಣ್ಣು ಕೊಟ್ಟಿದ್ರ ನಾನೇ ಇಸ್ಕೊತಿದ್ದೆ. ಒಡದು, ಕೈ ಹಾಕಿ ಕಿವುಚ್ಯಾಳ. ಅದು ಆಕಿ ಮನಿ ಅಡಗಿ ಆತು.’

ನಮ್ಮ ಕಡೆಯ ಲೆಕ್ಕ ಅದು. ಇಡೀ ಹಣ್ಣನ್ನು ಯಾರ ಕೈಯಿಂದಲಾದರೂ ತೆಗೆದುಕೊಳ್ಳಬಹುದು, ಸಿಪ್ಪೆ ಅದನ್ನು ಕಾಯುತ್ತದಂತೆ. ಒಡೆದರೆ, ಹೆಚ್ಚಿದರೆ ಮುಗಿಯಿತು. ಟೀಚರಿಗೆ ಈ ಲೆಕ್ಕ ಗೊತ್ತಿರಲಿಲ್ಲವೇ? ನನಗಿಂತ ಚೆನ್ನಾಗಿ ಗೊತ್ತಿತ್ತು. ಮಕ್ಕಳು ಕುಡಿಯುವ ಭರದಲ್ಲಿ, ಊರು ಮರೆತಿದೆ ಎಂದುಕೊಂಡುಬಿಟ್ಟಿದ್ದರು. ಅಷ್ಟೇ ಅವರು ಮಾಡಿದ ತಪ್ಪು.

ನಾನು ಜಗಳ ಮಾಡಿದೆ. ಮಾವನ ಮುಂದೆ ಗಟ್ಟಿ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು. ಊಟ ಬಿಟ್ಟೆ. ಗಂಡ ‘ಊರಾಗ ಇರೋದೈತಿ ನಾವು’ ಎಂದು ಹೊರಗೆ ಹೋದರು. ಅತ್ತೆ ಮನೆಯಿಂದ ಮನೆಗೆ ಮಾತು ದಾಟಿಸಿದರು. ವಾರ ಕಳೆಯುವುದರೊಳಗೆ ನಮ್ಮ ಓಣಿಯ ಮಕ್ಕಳು ಒಬ್ಬರೂ ಅಂಗನವಾಡಿಗೆ ಹೋಗಲಿಲ್ಲ. ಮಗಳನ್ನು ಕೈಹಿಡಿದು ನಾನೇ ಬಿಟ್ಟು ಬರಲು ಹೋದರೆ, ಟೀಚರ್ ಹೊಸ್ತಿಲಲ್ಲಿ ತಡೆದರು.

‘ಬ್ಯಾಡ್ರಿ ಅಕ್ಕಾರ. ನಿಮ್ಮ ಮನ್ಯಾಗ ನಿಮಗ ತ್ರಾಸ ಆಗ್ತದ. ನಾ ಹಣ್ಣು ಬಿಟ್ಟೀನಿ. ಇನ್ನ ಆಯಾನೇ ಕೊಡ್ತಾಳ, ಪುಡಿ ಹಾಲು. ಎಲ್ಲಾರಿಗೂ ಹೇಳ್ರಿ, ಹುಡುಗ್ರನ್ನ ಕಳಸಲಿ.’

ಅವರು ಅಷ್ಟು ಬೇಗ ಬಿಟ್ಟುಕೊಟ್ಟರಲ್ಲ ಎಂದು ನನಗೆ ಅವರ ಮೇಲೂ ಸಿಟ್ಟು ಬಂದಿತ್ತು. ಬೈಯಬೇಕಿತ್ತು, ಕೂಗಾಡಬೇಕಿತ್ತು ಎನಿಸಿತ್ತು. ಕೂಗಾಡಿದ್ದರೆ ಅವರ ಕೇರಿಯ ಮೇಲೆ ಊರು ಏನು ಮಾಡುತ್ತಿತ್ತು ಎಂಬುದು ಅವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಮಕ್ಕಳು ಮರಳಿ ಬಂದವು. ಬೇವಿನ ಗಿಡದ ಬುಡ ಮತ್ತೆ ಬೆಳ್ಳಗಾಯಿತು. ಮರುವರ್ಷ ಟೀಚರ್ ಕೆಲಸ ಬಿಟ್ಟು ಯಾದಗಿರಿಯಲ್ಲಿದ್ದ ತಮ್ಮನ ಮನೆಗೆ ಹೋದರು.

ಇದಕ್ಕಿಂತ ಕಹಿಯಾದದ್ದು ಇನ್ನೊಂದಿದೆ. ಮುಂದಿನ ಸೀತಾಫಲದ ಕಾಲಕ್ಕೆ ಅತ್ತೆ ಒಂದು ಬುಟ್ಟಿ ಹಣ್ಣು ಮುಂದಿಟ್ಟುಕೊಂಡು ಕೂತು, ‘ಆಕಿ ಹೆಂಗ ಮಾಡ್ತಿದ್ಲು, ಹೇಳು’ ಎಂದರು. ಮೊಮ್ಮಗಳು ಸೊರಗಿದ್ದು ಅವರ ಕಣ್ಣಿಗೂ ಬಿದ್ದಿತ್ತು. ಅಂದಿನಿಂದ ಅದು ನಮ್ಮ ಮನೆಯ ಹಾಲಾಯಿತು. ಬಂದ ಬೀಗರ ಮುಂದೆ ಅತ್ತೆ ಲೋಟ ಇಟ್ಟು, ‘ಇದು ನಮ್ಮ ಮನಿತನದ್ದರಿ, ಮದ್ಲಿಂದ ಮಾಡ್ಕೋತ ಬಂದೀವಿ’ ಎನ್ನುತ್ತಾರೆ. ನಾನು ತಟ್ಟೆ ಹಿಡಿದು ನಿಂತಿರುತ್ತೇನೆ, ಹಲ್ಲು ಕಚ್ಚಿಕೊಂಡು.

ಕೆಲವು ವರ್ಷಗಳಾದ ಮೇಲೆ ಸೀರೆ ತರಲು ಯಾದಗಿರಿಗೆ ಹೋದಾಗ, ವಿಚಾರಿಸಿಕೊಂಡು ಸ್ಟೇಷನ್ ಕಡೆಯ ಅವರ ಮನೆ ಹುಡುಕಿದೆ. ಟೀಚರ್ ಬಡಕಲಾಗಿದ್ದರು, ಕೂದಲು ಬೆಳ್ಳಗಾಗಿತ್ತು. ಗುರುತು ಹಿಡಿದು ಕುರ್ಚಿ ಒರೆಸಿ ಕೊಟ್ಟರು. ಮಗಳು ಯಾವ ಕ್ಲಾಸು, ಹಾಲು ಕುಡಿಯುತ್ತಾಳಾ ಎಂದು ಕೇಳಿದರು. ಒಳಗೆ ಹೋಗಿ ಬಂದು ನನ್ನ ಮುಂದೆ ತಟ್ಟೆ ಇಟ್ಟರು. ಸಿಪ್ಪೆ ಸುಲಿಯದ ಬಾಳೆಹಣ್ಣು, ಒಡೆಯದ ಬಿಸ್ಕಿಟ್ ಪಾಕೀಟು, ಅಂಗಡಿಯಿಂದ ತರಿಸಿದ ನೀರಿನ ಬಾಟ್ಲಿ, ಮುಚ್ಚಳದ ಸೀಲು ಹಾಗೇ ಇತ್ತು.

‘ಟೀಚರ್ರ, ನನಗ ನಿಮ್ಮ ಕೈಲೆ ಮಾಡಿದ ಹಾಲು ಕೊಡ್ರಿ’ ಎಂದೆ.

‘ಈಗ ಮಾಡೂದು ಬಿಟ್ಟೀನ್ರಿ ಅಕ್ಕಾರ’ ಎಂದರು. ತಟ್ಟೆಯನ್ನು ಇನ್ನಷ್ಟು ನನ್ನ ಕಡೆ ಸರಿಸಿದರು.

ನಾನು ಅಲ್ಲೇ ಸುಲಿದು ತಿಂದೆ.

ಹೋದ ಬೇಸಿಗೆಯಲ್ಲಿ ಟೀಚರ್ ತೀರಿಕೊಂಡರಂತೆ. ಆಯಾ ಹಿತ್ತಲ ಗೋಡೆಯ ಆಚೆಯಿಂದ ಹೇಳಿದಳು, ಮಣ್ಣಾಗಿ ಎಷ್ಟೋ ದಿನವಾದ ಮೇಲೆ.

ಮೊನ್ನೆ ಹಾಲು ಲೋಟಗಳಿಗೆ ಹಾಕುತ್ತ, ‘ಇದು ಟೀಚರ್ ಹಾಲು, ಚೆಲ್ಲಬ್ಯಾಡ್ರಿ’ ಎಂದೆ ಮಕ್ಕಳಿಗೆ.

‘ಯಾವ ಟೀಚರ್, ದೊಡ್ಡವ್ವ?’ ಎಂದಿತು ಸಣ್ಣದು.

ನಾನು ಹೇಳುವುದರೊಳಗೆ, ಬಾಗಿಲಿಗೆ ಒರಗಿ ಕೂತಿದ್ದ ಅತ್ತೆ, ‘ಯಾರಿಲ್ಲ, ನೀ ಕುಡಿ’ ಎಂದರು.

ಕೂಸು ಕುಡಿಯಿತು. ತಳದಲ್ಲಿ ಉಳಿದ ತಿರುಳನ್ನು ಬೆರಳು ಹಾಕಿ ಬಳಿದು ನೆಕ್ಕಿತು.