ಟಿಡ್ಲಿಂಗ್ ನಡುಗಡ್ಡೆ ಮತ್ತು ಇಬ್ಬರು ಬೀಗರು

ಇಂಗ್ಲೆಂಡಿನಲ್ಲಿ ಟಿಡ್ಲಿಂಗ್ ಎಂಬ ನದಿದಂಡೆಯ ಹಳ್ಳಿಯೊಂದಿದೆ. ಅದರ ಇತಿಹಾಸವನ್ನು ಎಲ್ಲರಿಗಿಂತ ಹೆಚ್ಚು ತಿಳಿದವರು ಮೆಲ್ಬರ್ನಿನ ವೆರಿಬೀಯಲ್ಲಿ, ಮಗಳು–ಅಳಿಯನ ಮನೆಯಲ್ಲಿ ಇದ್ದಾರೆ. ಹೆಸರು ಶಿವಬಸಪ್ಪ, ಊರು ಬೆಳಗಾವಿ. ಅಲ್ಲಿನ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವರು. ಗೋಕಾಕಕ್ಕೆ ಹೋಗುವವರನ್ನು ಮೈಕ್ ಇಲ್ಲದೆ ಗೋಕಾಕದ ಬಸ್ಸಿಗೇ ಹತ್ತಿಸುವಷ್ಟು ದೊಡ್ಡ ದನಿ. ಟಿಡ್ಲಿಂಗನ್ನು ಅವರು ಕಣ್ಣಾರೆ ನೋಡಿಲ್ಲ.

ಪಕ್ಕದ ಮನೆಯ ಕಾಲಿನ್ ಕ್ವೀನ್ಸ್‌ಲ್ಯಾಂಡಿಗೆ ಹೋಗುವಾಗ ತನ್ನ ಟಪಾಲು ತೆಗೆದಿಡಲು ಹೇಳಿದ್ದ. ಅವನ ಮುತ್ತಜ್ಜಿ ಟಿಡ್ಲಿಂಗಿನವಳಾದ್ದರಿಂದ ಆ ಊರಿನ ಇತಿಹಾಸ ಸಂಘದ ಪತ್ರಿಕೆ ಅವನಿಗೆ ಬರುತ್ತಿತ್ತು. ಶಿವಬಸಪ್ಪ ಅದನ್ನು ತೆಗೆದಿಟ್ಟರು, ಇಡುವ ಮೊದಲು ಓದಿದರು. ಹಾವುಮೀನು ಹಿಡಿಯುವ ಬುಟ್ಟಿಗಳು, ಪಾದ್ರಿಯ ತಪ್ಪಿಸಿಕೊಂಡ ಹಂದಿ, ಚರ್ಚಿನ ಮೆಟ್ಟಿಲ ತನಕ ಬಂದ ನೆರೆ, ಎಲ್ಲ ಚೆನ್ನಾಗಿಯೇ ಇತ್ತು. ಕೊನೆಯ ಪುಟದಲ್ಲಿ ಮಾತ್ರ ಒಂದು ಸಾಲು ಅವರನ್ನು ಹಿಡಿದು ನಿಲ್ಲಿಸಿತು. ಟಿಡ್ಲಿಂಗಿಗೂ ಎದುರು ದಂಡೆಯ ಬ್ರಾಕ್‌ವಿಕ್‌ಗೂ ನಡುವೆ ನದಿಯಲ್ಲೊಂದು ನಡುಗಡ್ಡೆಯಿದೆ, ಅದು ಯಾವ ಊರಿನದೆಂದು ಇನ್ನೂರು ವರ್ಷವಾದರೂ ತೀರ್ಮಾನವಾಗಿಲ್ಲ.

ಬೆಳಗಾವಿಯವರ ಕೈಗೆ ಅಂಥ ಸಾಲು ಸಿಗಬಾರದು.

"ಇಲ್ಲೂ ಗಡಿ ತಂಟೆ ಐತಿ," ಎಂದರು ಹೆಂಡತಿ ಗೌರಕ್ಕನಿಗೆ.

"ಸಮುದ್ರ ದಾಟಿ ಬಂದ್ರೂ ನಿಮಗ ಗಡಿ ಬಿಡಲಿಲ್ಲ ನೋಡ್ರಿ," ಎಂದರು ಗೌರಕ್ಕ.

ಸಂಘಕ್ಕೆ ಅವರು ಇಮೇಲ್ ಬರೆದರು. ಅಧ್ಯಕ್ಷೆ ಡಾಫ್ನಿ, ದನಗಳ ಡಾಕ್ಟರಾಗಿದ್ದ ಹೆಂಗಸು, "ತುಂಬಾ ಸ್ವಾರಸ್ಯಕರ" ಎಂದು ಉತ್ತರಿಸಿದರು. ಇಂಗ್ಲಿಷರು ಹಾಗೆಂದರೆ ಸಾಮಾನ್ಯವಾಗಿ ಮಾತು ಅಲ್ಲಿಗೆ ಮುಗಿಯಿತು ಎಂದರ್ಥ. ಶಿವಬಸಪ್ಪ ಅದನ್ನು ಆಮಂತ್ರಣವೆಂದು ತಿಳಿದರು. ವರ್ಷ ಕಳೆಯುವುದರೊಳಗೆ ಅವರು ಸಂಘದ ಸದಸ್ಯರಾಗಿದ್ದರು. ವೆರಿಬೀಯಲ್ಲಿ ಅವರು ಪಲ್ಲವಿಯ ಅಪ್ಪ, ಆದ್ಯಾಳ ಅಜ್ಜ. ಟಿಡ್ಲಿಂಗಿನ ಸಭೆಗೆ ಕಂಪ್ಯೂಟರಿನಲ್ಲಿ ಸೇರಿದಾಗ ಮಾತ್ರ ಎಲ್ಲರೂ "ನಮ್ಮ ಶಿವ ಬಂದರು" ಎನ್ನುತ್ತಿದ್ದರು. ಆ ಮಾತು ಕೇಳುವುದಕ್ಕೆಂದೇ ಅವರು ಸಭೆಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂರುತ್ತಿದ್ದರು.

ಅವರ ವಾದ ಗಟ್ಟಿಯಾಗಿತ್ತು. ಹಿಂದಿನ ಕಾಲದಲ್ಲಿ ಆ ಕಡೆಯ ಊರವರು ವರ್ಷಕ್ಕೊಮ್ಮೆ ಪಾದ್ರಿಯ ಹಿಂದೆ ತಮ್ಮ ಗಡಿಯುದ್ದಕ್ಕೂ ನಡೆಯುತ್ತಿದ್ದರು. ಗಡಿಕಲ್ಲು ಬಂದಲ್ಲೆಲ್ಲ ಒಬ್ಬ ಹುಡುಗನನ್ನು ತಲೆಕೆಳಗೆ ಹಿಡಿದು ಕಲ್ಲಿಗೆ ತಲೆ ಕುಟ್ಟಿಸುತ್ತಿದ್ದರು. ದೊಡ್ಡವನಾದ ಮೇಲೂ ಗಡಿ ಎಲ್ಲಿದೆಯೆಂದು ಅವನಿಗೆ ನೆನಪಿರಲಿ ಎಂಬ ಉದ್ದೇಶ. ಟಿಡ್ಲಿಂಗಿನವರು ಹಾಗೆ ಒಬ್ಬ ಹುಡುಗನನ್ನು ನಡುಗಡ್ಡೆಯ ಆಚೆ ಬದಿಯ ನೀರಿನಲ್ಲಿ ಅದ್ದಿದ್ದರು. ಆಚೆ ಬದಿಯಲ್ಲಿ ಅದ್ದಿದ್ದಾರೆ ಎಂದರೆ ಗಡಿ ಅಲ್ಲಿಯೇ, ಅಂದಮೇಲೆ ನಡುಗಡ್ಡೆ ಟಿಡ್ಲಿಂಗಿನದು.

ಪತ್ರಿಕೆಯಲ್ಲಿದ್ದ ನಡುಗಡ್ಡೆಯ ಚಿತ್ರ ನೋಡಿ ಆದ್ಯಾ ಹೇಳಿದ್ದು ಇಷ್ಟು: "ಅಜ್ಜಾ, ಇಟ್ಸ್ ಜಸ್ಟ್ ಡಕ್ಸ್."

ಈ ಸುದ್ದಿ ಸಿಡ್ನಿಯ ಕೆಲ್ಲಿವಿಲ್‌ಗೆ ತಲುಪದೆ ಇರಲು ಸಾಧ್ಯವಿರಲಿಲ್ಲ. ಅಲ್ಲಿ ಹಿರಿಯ ಮಗನ ಮನೆಯಲ್ಲಿ ವಿರುಪಾಕ್ಷ ಇದ್ದಾರೆ. ಹುಬ್ಬಳ್ಳಿಯವರು, ನಿವೃತ್ತ ಬ್ಯಾಂಕ್ ಅಧಿಕಾರಿ, ಪಲ್ಲವಿಯ ಮಾವ. ಅಂದರೆ ಶಿವಬಸಪ್ಪನವರ ಬೀಗರು. ಮದುವೆಯ ದಿನ ಮೊದಲ ಪಂಕ್ತಿಯಲ್ಲಿ ಯಾರು ಕೂರಬೇಕೆಂಬಲ್ಲಿ ಹುಟ್ಟಿದ ಪೈಪೋಟಿ ಇಬ್ಬರ ನಡುವೆ ಇನ್ನೂ ಚೆನ್ನಾಗಿ ಬೆಳೆಯುತ್ತಿದೆ. ವಿಷಯ ಕೇಳಿದ ವಾರವೇ ವಿರುಪಾಕ್ಷ ಎದುರು ದಂಡೆಯ ಬ್ರಾಕ್‌ವಿಕ್ ಇತಿಹಾಸ ಸಂಘಕ್ಕೆ ಸೇರಿದರು.

"ನನ್ನ ಮಗನ ಮನ್ಯಾಗ ಕುಂತು ನನ್ನ ನಡುಗಡ್ಡಿ ಹೊಡ್ಕೊಳ್ಳಾಕ ಹತ್ತೀರೇನ್ರಿ ಬೀಗರ?" ಎಂದು ಫೋನ್ ಮಾಡಿದರು.

"ನಿಮ್ಮದು ಯಾವಾಗಾತ್ರೀ ಅದು?"

"ನಿನ್ನಿ ಮೆಂಬರ್ ಆದೆ."

ಎರಡು ವರ್ಷ ಇಬ್ಬರೂ ಎರಡು ಊರಿನ ಪತ್ರಿಕೆಗಳಲ್ಲಿ ಕಾದಾಡಿದರು. ಊರಿನವರು ಓದಿ, ಸ್ವಾರಸ್ಯಕರ ಎಂದು ಹೇಳಿ, ಚಹಾ ಕುಡಿದರು.

ಕಳೆದ ಚಳಿಗಾಲದ ನೆರೆಯಲ್ಲಿ ನಡುಗಡ್ಡೆಯ ಕಾಲುಸೇತುವೆ ಮುರಿಯಿತು. ನಡುಗಡ್ಡೆ ಯಾವ ಊರಿನದೋ ಆ ಊರೇ ಸೇತುವೆ ಕಟ್ಟಬೇಕೆಂದು ಮೇಲಿನವರು ಹೇಳಿದರು. ತೀರ್ಮಾನಕ್ಕೆ ಎರಡೂ ಊರುಗಳ ಜಂಟಿ ಸಭೆ ನಿಗದಿಯಾಯಿತು. ಎರಡೂ ಕಡೆಯಿಂದ ಒಬ್ಬೊಬ್ಬರು ಮಾತಾಡಬೇಕು. ಟಿಡ್ಲಿಂಗಿನ ಪರವಾಗಿ ಶಿವ, ಬ್ರಾಕ್‌ವಿಕ್ ಪರವಾಗಿ ವಿರುಪಾಕ್ಷ, ಇಬ್ಬರೂ ಕಂಪ್ಯೂಟರಿನಲ್ಲೇ.

ಸಭೆಗೆ ಮೊದಲು ಡಾಫ್ನಿ ಫೋನ್ ಮಾಡಿದರು. ಹವಾಮಾನದ ವಿಚಾರ ಮುಗಿಸಿ, ತುಸು ಕೆಮ್ಮಿ, ಈ ಸಲ ದಯವಿಟ್ಟು ಸೋಲಲಾದೀತೇ ಎಂದು ಕೇಳಿದರು. ನಡುಗಡ್ಡೆ ಟಿಡ್ಲಿಂಗಿಗೆ ಬೇಡ. ಹಿಂದೆಂದೂ ಬೇಕಾಗಿರಲಿಲ್ಲ. ಇನ್ನೂರು ವರ್ಷಗಳ ಜಗಳವೆಲ್ಲ ಅದನ್ನು ಎದುರು ದಂಡೆಯವರ ತಲೆಗೆ ಕಟ್ಟುವುದಕ್ಕೇ ನಡೆದದ್ದು.

ನೆಲ ತಮಗೆ ಬೇಡವೆಂದು ಎರಡು ಊರು ಜಗಳವಾಡಬಹುದೆಂದು ಬೆಳಗಾವಿಯಲ್ಲಿ ಬೆಳೆದವರಿಗೆ ಹೊಳೆಯುವುದು ಹೇಗೆ? ಶಿವಬಸಪ್ಪ ಆ ಸಂಜೆ ಊಟ ಬಿಟ್ಟರು. ಮರುದಿನ ಸೋಲುತ್ತೇನೆಂದು ಡಾಫ್ನಿಗೆ ಮಾತು ಕೊಟ್ಟರು.

"ಸೋತುಬಿಡ್ರಿ ಏನಾಗ್ತೈತಿ," ಎಂದರು ಗೌರಕ್ಕ. "ಇಲ್ಲಾಂದ್ರ ನಾಳಿಂದ ನಮ್ಮ ಶಿವ ಅನ್ನೋರ್ ಯಾರು?"

ಅದೇ ಅವರ ಭಯವೂ ಆಗಿತ್ತು.

ಸಭೆ ವೆರಿಬೀಯ ಸಂಜೆ, ಟಿಡ್ಲಿಂಗಿನ ಬೆಳಗ್ಗೆ. ಮೊದಲು ವಿರುಪಾಕ್ಷ ಎದ್ದರು. ಹೊಸ ಅಧ್ಯಯನದ ಪ್ರಕಾರ ನಡುಗಡ್ಡೆ ಸಂಪೂರ್ಣವಾಗಿ ಟಿಡ್ಲಿಂಗಿನದು, ಬ್ರಾಕ್‌ವಿಕ್‌ಗೆ ಅದರ ಮೇಲೆ ಯಾವ ಹಕ್ಕೂ ಇಲ್ಲ ಎಂದು ಇಂಗ್ಲಿಷಿನಲ್ಲಿ ಸಾರಿದರು. ಅವರಿಗೂ ತಮ್ಮ ಕಡೆಯಿಂದ ಅಂಥದೇ ಫೋನ್ ಬಂದಿತ್ತೆಂದು ಶಿವಬಸಪ್ಪನವರಿಗೆ ಆಗ ತಿಳಿಯಿತು. ತಾವೂ ಎದ್ದು, ಆ ಹುಡುಗನನ್ನು ನೀರಿಗೆ ಅದ್ದಿದ್ದು ಗಡಿಗಾಗಿ ಅಲ್ಲ, ತುಂಟತನ ಮಾಡಿದ್ದಕ್ಕೆ ಇರಬೇಕು ಎಂದರು.

ಆಮೇಲೆ ಮಾತು ಕನ್ನಡಕ್ಕೆ ಹೊರಳಿತು. ಅದು ವಾದವಾಗಿ ಉಳಿಯಲಿಲ್ಲ. ಬೀಗರ ಪಂಕ್ತಿಯಲ್ಲಿ ಕೊನೆಯ ಹೋಳಿಗೆಗೆ ನಡೆಯುವ ಉಪಚಾರವಾಯಿತು.

"ಛೇ ಛೇ ಬೀಗರ, ನಿಮ್ಮ ಪಾಲಿಂದು ನಾವ್ ಹೆಂಗ ಇಟ್ಕೊಳ್ಳೂದ್ರಿ? ತಗೋರಿ," ಎಂದರು ಶಿವಬಸಪ್ಪ.

"ಇಲ್ರೀ, ನೀವ್ ಹೆಣ್ಣು ಕೊಟ್ಟವರು. ನಿಮ್ಮನ್ನ ಬರಿಗೈಲೆ ಕಳಸಿದ್ರ ಮಂದಿ ಏನಂದಾರು?"

"ಹೆಣ್ಣು ಕೊಟ್ಟವರು ಕೊಡೋರ್ರಿ, ತಗೊಳ್ಳೋರಲ್ಲ. ನಡುಗಡ್ಡಿನೂ ಆಕಿ ಜೋಡಿನ ಕೊಟ್ಟೇವಿ ಅಂತ ತಿಳ್ಕೋರಿ."

"ನಮಗ ಆಕೀನ ಬಂಗಾರ. ಮ್ಯಾಲೆ ನಡುಗಡ್ಡಿ ಯಾಕ?"

"ಸ್ವಲ್ಪರ ತಗೋರಿ. ಅರ್ಧಾರ."

"ಹೊಟ್ಟಿ ತುಂಬೈತ್ರಿ."

ಎರಡು ಊರಿನ ಜನ ಬಿಸ್ಕತ್ತು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು. ಒಂದು ಪದ ತಿಳಿಯದಿದ್ದರೂ ಇಷ್ಟು ಗಂಭೀರವಾದ ಚರ್ಚೆಯನ್ನು ತಮ್ಮ ನಡುಗಡ್ಡೆ ಎಂದೂ ಕಂಡಿಲ್ಲವೆಂದು ಅವರಿಗೆ ಮನವರಿಕೆಯಾಗಿತ್ತು. ಉಪಚಾರದಲ್ಲಿ ಶಿವಬಸಪ್ಪನವರದೇ ಮೇಲುಗೈ. ವಿರುಪಾಕ್ಷ ಎರಡು ಸಲ ತಡವರಿಸಿದರು. ಡಾಫ್ನಿಯ ಮುಖದಲ್ಲಿ ನಗು ಕಾಣಿಸಿತು. ಆಗ ವಿರುಪಾಕ್ಷ ಕನ್ನಡಕ ತೆಗೆದು ಒರೆಸುತ್ತ ಮೆಲ್ಲಗೆ ಹೇಳಿದರು:

"ಅಷ್ಟಕ್ಕೂ ಅದರಾಗ ಏನೈತ್ರಿ ಬೀಗರ, ಕೊಡಾಕ ತಗೊಳ್ಳಾಕ? ಬರೇ ರಾಡಿ. ಅದಕ್ಕಿಂತ ನಮ್ಮ ಹುಬ್ಬಳ್ಳಿ ಗಟಾರ ಎಷ್ಟೋ ಪಾಡು."

ಶಿವಬಸಪ್ಪ ಕುರ್ಚಿಯಿಂದ ಎದ್ದರು.

"ರಾಡಿ? ಯಾರ ನಡುಗಡ್ಡಿಗೆ ರಾಡಿ ಅಂತೀರ್ರಿ?"

"ಇದ್ದದ್ದು ಅಂದೆ."

"ಅದು ನಮ್ಮದು!" ಎಂದು ಅವರು ಇಂಗ್ಲಿಷಿನಲ್ಲಿ ಗರ್ಜಿಸಿದರು. ಗೌರಕ್ಕ ಅಡುಗೆಮನೆಯಿಂದ ಓಡಿ ಬಂದರು. "ಟಿಡ್ಲಿಂಗಿನದು! ಒಂದೊಂದು ಇಂಚೂ ಟಿಡ್ಲಿಂಗಿನದು!" ಎಂದು, ಹುಡುಗ, ಪಾದ್ರಿ, ಆಚೆ ಬದಿಯ ನೀರು, ಎಲ್ಲವನ್ನೂ ಸಾಕ್ಷಿ ಸಮೇತ ಮತ್ತೆ ಮಂಡಿಸಿದರು. ಎದುರಾಡಲು ಎಲ್ಲೂ ಸಂದು ಇರಲಿಲ್ಲ. ಬ್ರಾಕ್‌ವಿಕ್‌ನವರು ಒಟ್ಟಾಗಿ ಚಪ್ಪಾಳೆ ತಟ್ಟಿದರು. ಡಾಫ್ನಿ ಕಣ್ಣು ಮುಚ್ಚಿಕೊಂಡರು.

"ಅಭಿನಂದನೆ ಬೀಗರ," ಎಂದರು ವಿರುಪಾಕ್ಷ.

ಆ ವಾರ ಟಿಡ್ಲಿಂಗಿನಿಂದ ಒಂದು ಇಮೇಲೂ ಬರಲಿಲ್ಲ. ಶಿವಬಸಪ್ಪ ಅಂಗಿ ಇಸ್ತ್ರಿ ಮಾಡಲಿಲ್ಲ. ವಾಕಿಂಗಿಗೆ ಹೋದರೂ ವೆರಿಬೀಯ ನದಿಯ ಕಡೆ ಹೋಗಲಿಲ್ಲ.

"ಕೊಟ್ಟ ಮಾತು ಉಳಸ್ಕೊಳ್ಳಾಕ ಆಗಲಿಲ್ಲ ನನಗ," ಎಂದರು.

"ನಡುಗಡ್ಡಿ ಉಳಸ್ಕೊಂಡ್ರಲ್ಲಾ, ಉಣ್ಣ ಬರ್ರಿ," ಎಂದರು ಗೌರಕ್ಕ.

ಮುಂದಿನ ವಾರ ಡಾಫ್ನಿ ಫೋನ್ ಮಾಡಿದರು. ಊರವರು ಸೇರಿ ಸೇತುವೆಗೊಂದು ಸಮಿತಿ ಮಾಡಿದ್ದರು. ಅಧ್ಯಕ್ಷರ ಹೆಸರನ್ನೂ ಅವಿರೋಧವಾಗಿ ಆರಿಸಿದ್ದರು. ಬೇರೆ ಯಾರೂ ಒಪ್ಪದಿದ್ದದ್ದೂ ಅದಕ್ಕೆ ಕಾರಣವೆಂದು ಅವರು ಮುಚ್ಚಿಡಲಿಲ್ಲ. "ಆ ನಡುಗಡ್ಡೆಗಾಗಿ ಹಾಗೆ ಕೂಗುವವರು ನಮ್ಮಲ್ಲಿ ಮತ್ತಾರೂ ಇಲ್ಲ, ಶಿವ," ಎಂದರು. ಶಿವಬಸಪ್ಪ ಎರಡನೆಯ ಸಲ ಕೇಳಿ ಖಚಿತ ಮಾಡಿಕೊಂಡರು. ಆಮೇಲೆ ಒಪ್ಪಿಕೊಂಡರು.

ಈಗ ಪ್ರತಿ ಭಾನುವಾರ ಕಾಮಗಾರಿ ಪರಿಶೀಲನೆ. ಟಿಡ್ಲಿಂಗಿನ ನಿವೃತ್ತ ಅಂಚೆಯವ ಹ್ಯೂ ಗಮ್‌ಬೂಟು ಹಾಕಿಕೊಂಡು, ಫೋನನ್ನು ಎತ್ತಿ ಹಿಡಿದು ನದಿಗೆ ಇಳಿಯುತ್ತಾನೆ. ಶಿವಬಸಪ್ಪ ಅವಲಕ್ಕಿ ಚೂಡಾದ ತಟ್ಟೆ ಮುಂದಿಟ್ಟುಕೊಂಡು ಕಂಬ ಕಂಬವಾಗಿ ನೋಡುತ್ತಾರೆ. ಹೋದ ಭಾನುವಾರ ನೀರು ಹ್ಯೂನ ಸೊಂಟಕ್ಕೆ ಬಂದಿತ್ತು, ಹಲ್ಲು ಕಟಕಟ ಎನ್ನುತ್ತಿದ್ದವು.

"ಅಲ್ರೀ, ಆ ಮುದುಕಪ್ಪನ್ನ ಮೊದಲ ದಂಡಿಗೆ ಹತ್ತಸ್ರಿ," ಎಂದರು ಗೌರಕ್ಕ. "ಥಂಡಿ ಹತ್ತೀತು."

"ತಡಿ," ಎಂದರು ಅಧ್ಯಕ್ಷರು. "ಆಚಿ ಕಡೆದು ಇನ್ನೊಂದು ಕಂಬ ಉಳದೈತಿ."